ಹತ್ತಿ ದುಡ್ಡಿಂದ ದಿವಾಳಿವರೆಗೆ: 1865ರ ಮುಂಬೈ ಕಥೆ ಗೊತ್ತಿರೋರು ಬನ್ನಿ

ಖಾತೆ_ಕಿರ್ದಿ:
ಬೂಮ್, ಕ್ರ್ಯಾಶ್ ಅಂತ ಮಾತು ಬಂದ್ರೆ ಎಲ್ರೂ ಸೀದಾ 1929ರ ನ್ಯೂಯಾರ್ಕ್‌ಗೆ ಹೋಗ್ತಾರೆ, ಇಲ್ಲಾಂದ್ರೆ 2008ಕ್ಕೆ. ಆದ್ರೆ ನಮ್ಮ ಪಕ್ಕದಲ್ಲೇ, ಧಾರವಾಡ ಬೆಳಗಾವಿ ಎಲ್ಲ ಸೇರಿದ್ದ ಆಗಿನ ಮುಂಬೈ ಪ್ರಾಂತ್ಯದಲ್ಲಿ, ವಾಲ್ ಸ್ಟ್ರೀಟ್‌ಗಿಂತ 64 ವರ್ಷ ಮುಂಚೆನೇ ಈ ಆಟ ಮೊದಲಿಂದ ಕೊನೆವರೆಗೂ ಆಡಿ ಮುಗಿಸಿಬಿಟ್ಟಿದ್ರು. ಕನ್ನಡದಲ್ಲಿ ಇದರ ಬಗ್ಗೆ ಮಾತಾಡೋರು ಕಮ್ಮಿ, ಅದಕ್ಕೇ ಈ ಥ್ರೆಡ್.

1861 ಏಪ್ರಿಲ್‌ನಲ್ಲಿ ಅಮೆರಿಕದ ಅಂತರ್ಯುದ್ಧ ಶುರು. ಇಂಗ್ಲೆಂಡಿನ ಲ್ಯಾಂಕಷೈರ್ ಮಿಲ್‌ಗಳಿಗೆ ಬರ್ತಿದ್ದ ಹತ್ತಿಲಿ ಹೆಚ್ಚುಕಮ್ಮಿ ಐದರಲ್ಲಿ ನಾಲ್ಕು ಪಾಲು ಅಮೆರಿಕದ ದಕ್ಷಿಣ ರಾಜ್ಯಗಳದ್ದು. ಉತ್ತರದವರ ನೌಕಾಪಡೆ ಆ ಬಂದರುಗಳನ್ನ ಮುತ್ತಿಗೆ ಹಾಕಿ ಕೂತ್ಕೊಳ್ತು, ಹತ್ತಿ ಹಡಗು ಹೊರಡೋದೇ ನಿಂತೋಯ್ತು, ಲ್ಯಾಂಕಷೈರ್‌ನಲ್ಲಿ ಮಿಲ್ ಮುಚ್ಚಿ ಲಕ್ಷಗಟ್ಟಲೆ ಜನ ಕೂಲಿ ಇಲ್ದೆ ಕೂತ್ರು. ಆಗ ಅವರಿಗೆ ನೆನಪಾಗಿದ್ದು ಮುಂಬೈ. ಅಲ್ಲೀವರೆಗೂ ನಮ್ಮ ಹತ್ತಿ ಅಂದ್ರೆ ಎಳೆ ಗಿಡ್ಡ, ಕಸ ಜಾಸ್ತಿ ಅಂತ ಮೂಗು ಮುರೀತಿದ್ದವರೇ ಮೂರ್ನಾಲ್ಕು ಪಟ್ಟು ರೇಟ್ ಕೊಟ್ಟು ತಗೊಳ್ಳೋಕೆ ಶುರು ಮಾಡಿದ್ರು. ಹಾಸಿಗೆ ದಿಂಬು ಬಿಚ್ಚಿ ಹಳೇ ಹತ್ತಿನೂ ಮಾರಿದ್ರಂತೆ ಜನ. ನಾಲ್ಕೈದು ವರ್ಷದಲ್ಲಿ ಮಾಮೂಲಿ ವ್ಯಾಪಾರದ ಮೇಲೆ ಹೆಚ್ಚುವರಿಯಾಗಿ ಬಂದಿದ್ದು ಸುಮಾರು 7-8 ಕೋಟಿ ಪೌಂಡ್.

ಇಷ್ಟು ದುಡ್ಡನ್ನ ಹಾಕೋದೆಲ್ಲಿ? ಹತ್ತಿ ಬೆಳೆಯೋ ನೆಲ ರಾತ್ರೋರಾತ್ರಿ ಜಾಸ್ತಿ ಆಗಲ್ಲ. ಮಿಲ್ ಕಟ್ಟೋಣ ಅಂದ್ರೆ ಹತ್ತಿನೇ ದುಬಾರಿ. ಹಾಗಾಗಿ ಕಂಪನಿಗಳು ಹುಟ್ಟಿದ್ವು. 1865 ಜನವರಿ ಹೊತ್ತಿಗೆ ಮುಂಬೈ ಊರೊಂದರಲ್ಲೇ 31 ಬ್ಯಾಂಕ್, 16 ಫೈನಾನ್ಸ್ ಸಂಸ್ಥೆ, ಅದರ ಮೇಲೆ ಇನ್ಶೂರೆನ್ಸ್, ಹಡಗು, ಹತ್ತಿ ಪ್ರೆಸ್, ಸಮುದ್ರ ತುಂಬಿಸಿ ಜಾಗ ಮಾಡೋ ಲ್ಯಾಂಡ್ ಕಂಪನಿಗಳು. 1865 ಏಪ್ರಿಲ್ 9ಕ್ಕೆ ದಕ್ಷಿಣದ ಜನರಲ್ ಲೀ ಶರಣಾದ, ಯುದ್ಧ ಮುಗೀತು ಅಂತಾಯ್ತು, ಹತ್ತಿ ರೇಟ್ ಬಿತ್ತು. ಜುಲೈ 1ಕ್ಕೆ ಮುಂಬೈನಲ್ಲಿ ವಾಯಿದೆ ವ್ಯಾಪಾರದ ಲೆಕ್ಕ ಚುಕ್ತಾ ಮಾಡೋ ದಿನ, ಅವತ್ತು ಕೊಡೋಕೆ ಯಾರ ಹತ್ರನೂ ಕಾಸಿಲ್ಲ. ಬ್ಯಾಂಕ್ ಆಫ್ ಬಾಂಬೆ ಷೇರು 2,850 ರೂಪಾಯಿ ನೋಡಿದ್ದು 87ಕ್ಕೆ ಬಂತು. 1868ರಲ್ಲಿ ಆ ಬ್ಯಾಂಕೇ ಮುಚ್ಚಿತು.

ನನ್ನ ವಾದ ಇಷ್ಟೇ: ಹತ್ತಿ ರೇಟ್ ಬಿದ್ದಿದ್ದು ಬೆಂಕಿ ಕಡ್ಡಿ ಗೀರಿದ್ದು ಮಾತ್ರ. ಊರನ್ನ ಸುಟ್ಟಿದ್ದು ಸಾಲ. ಯಾರಾದ್ರೂ ಒಪ್ಪಲ್ಲ ಅಂದ್ರೆ ಹೇಳಿ.

ಸಿಂಪಲ್_ಸೀನ:
ಇದರಲ್ಲಿ ಅಂಥ ಗುಟ್ಟೇನಿದೆ ಗುರು. ಯುದ್ಧ ನಿಂತ್ತು, ಹತ್ತಿ ರೇಟ್ ಬಿತ್ತು, ಕೈ ಸುಟ್ಕೊಂಡ್ರು. ದುರಾಸೆ. ಮುಗೀತು ಥ್ರೆಡ್.

ಖಾತೆ_ಕಿರ್ದಿ:
@ಸಿಂಪಲ್_ಸೀನ ಅಷ್ಟೇ ಆಗಿದ್ರೆ ಗೋದಾಮಲ್ಲಿ ಹತ್ತಿ ಇಟ್ಕೊಂಡಿದ್ದವನು ಮಾತ್ರ ಮುಳುಗಬೇಕಿತ್ತಲ್ವಾ. ಆದ್ರೆ ಮುಳುಗಿದ್ದು ಯಾರು? ಜೀವಮಾನದಲ್ಲಿ ಒಂದು ಅಂಡಿಗೆ ಹತ್ತಿ ಮುಟ್ಟದ ಗುಮಾಸ್ತರು, ವಕೀಲರು, ಸರ್ಕಾರಿ ಅಧಿಕಾರಿಗಳು, ಯೂರೋಪಿಯನ್ನರೂ ಸೇರಿ. ಇನ್ನೊಂದು ವಿಷ್ಯ ನೋಡು, ಹತ್ತಿ ರೇಟ್ ಪೂರ್ತಿ ಪಾತಾಳಕ್ಕೇನೂ ಹೋಗ್ಲಿಲ್ಲ, ಯುದ್ಧ ಮುಗಿದ ಮೇಲೂ ಕೆಲವು ವರ್ಷ ಹಳೇ ರೇಟಿಗಿಂತ ಮೇಲೇ ಇತ್ತು, ಯಾಕಂದ್ರೆ ಅಮೆರಿಕದ ತೋಟಗಳು ಮತ್ತೆ ದಾರಿಗೆ ಬರೋಕೆ ಟೈಮ್ ಬೇಕಾಯ್ತು. ಸರಕಿನ ಬೆಲೆ ಅಷ್ಟೇ ಇಳಿದಾಗ ಬ್ಯಾಂಕಿನ ಷೇರು 100ಕ್ಕೆ 3ರ ಲೆಕ್ಕಕ್ಕೆ ಬಂದಿದ್ದು ಹೇಗೆ? ಆ ನಡುವಿನ ಗ್ಯಾಪ್ ಇದೆಯಲ್ಲ, ಅಲ್ಲೇ ಇರೋದು ಕಥೆ.

ಮಾವಿನಕಾಯಿ_ಚಿತ್ರಾನ್ನ:
ವಾಯಿದೆ ವ್ಯಾಪಾರ ಅಂದ್ರೆ ಈಗಿನ ಎಫ್ ಆಂಡ್ ಓ (ಫ್ಯೂಚರ್ಸ್ ಆಂಡ್ ಆಪ್ಷನ್ಸ್) ತರಾನಾ? ಸ್ವಲ್ಪ ಬಿಡಿಸಿ ಹೇಳಿ ಸರ್, ನಂಗೆ ಷೇರು ಅಂದ್ರೆ ಅಷ್ಟಕ್ಕಷ್ಟೆ.

ಖಾತೆ_ಕಿರ್ದಿ:
ಹತ್ರ ಹತ್ರ ಅದೇ ಅಕ್ಕ, ಆದ್ರೆ ಈಗಿನ ಹಾಗೆ ಮಾರ್ಜಿನ್ ದುಡ್ಡು ಮೊದಲೇ ಕಟ್ಟಿಸ್ಕೊಳ್ಳೋ ಎಕ್ಸ್‌ಚೇಂಜ್ ಆಗ ಇರ್ಲಿಲ್ಲ. ಬೆಂಗಳೂರಲ್ಲಿ ಸೈಟ್ ವ್ಯಾಪಾರ ನೋಡಿರ್ತೀರಲ್ಲ, ಟೋಕನ್ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಹಾಕ್ಕೊಂಡು, ರಿಜಿಸ್ಟ್ರೇಷನ್‌ಗೆ ಮುಂಚೆನೇ ಇನ್ನೊಬ್ಬನಿಗೆ ಜಾಸ್ತಿಗೆ ತಳ್ಳಿ ನಡುವಿನ ದುಡ್ಡು ಜೇಬಿಗೆ ಹಾಕ್ಕೊಳ್ಳೋದು, ಆ ಇನ್ನೊಬ್ಬ ಮತ್ತೊಬ್ಬನಿಗೆ, ಅವನು ಇನ್ಯಾರಿಗೋ. ಪೂರ್ತಿ ದುಡ್ಡು ಆ ಸಾಲಲ್ಲಿ ಯಾರ ಹತ್ರನೂ ಇಲ್ಲ. ಮುಂಬೈನಲ್ಲೂ ಹಂಗೇ, ಇಂಥ ತಾರೀಕಿಗೆ ಇಂಥ ರೇಟಿಗೆ ಇಷ್ಟು ಷೇರು ತಗೋತೀನಿ ಅಂತ ಮಾತು. 1865 ಜುಲೈ 1 ಅಂದ್ರೆ ಎಲ್ರಿಗೂ ಒಂದೇ ದಿನ ರಿಜಿಸ್ಟ್ರೇಷನ್ ಬಂದಂಗೆ. ರೇಟ್ ಏರ್ತಿದ್ದಷ್ಟು ದಿನ ಅದು ಸಮಸ್ಯೆನೇ ಅಲ್ಲ, ವ್ಯತ್ಯಾಸ ಕೊಟ್ಟು ತಗೊಂಡು ಮುಗಿಸ್ತಿದ್ರು. ಇಳಿದಾಗ? ಅ ಬ ಗೆ ಕೊಡಬೇಕು, ಬ ಕ ಗೆ ಕೊಡಬೇಕು, ಅ ಕೈ ಎತ್ತಿದ ಅಂದ್ರೆ ಕ ವರೆಗೂ ಎಲ್ಲಾ ದಿವಾಳಿ, ಕ ಒಬ್ಬ ಎಷ್ಟೇ ಹುಷಾರಾಗಿ ವ್ಯಾಪಾರ ಮಾಡಿದ್ರೂ ಸರಿನೇ.

ಎರಡನೇದು ಇದಕ್ಕಿಂತ ಡೇಂಜರ್. ಷೇರನ್ನೇ ಅಡ ಇಟ್ಟು ಸಾಲ. ಬ್ಯಾಂಕ್ ಆಫ್ ಬಾಂಬೆ 1840ರದ್ದು, ಸರ್ಕಾರದ್ದೂ ಅದರಲ್ಲಿ ಪಾಲಿತ್ತು. ಹಳೇ ಕಾನೂನಲ್ಲಿ ಯಾವುದರ ಮೇಲೆ ಸಾಲ ಕೊಡಬಹುದು ಯಾವುದರ ಮೇಲೆ ಕೊಡಬಾರದು ಅಂತ ಕಟ್ಟುನಿಟ್ಟು ಇತ್ತು, 1863ರಲ್ಲಿ ಹೊಸ ಕಾಯ್ದೆ ಬಂದು ಆ ಬಿಗಿ ಸಡಿಲ ಆಯ್ತು. ಸರಿಯಾಗಿ ಬೂಮ್ ನಡುವೆ! ಆಮೇಲೆ ಷೇರು ಅಡ ಇಟ್ಕೊಂಡು ಸಾಲ, ಬರೀ ಸಹಿ ನೋಡಿ ಸಾಲ. ಆ ಸಾಲದಿಂದ ಇನ್ನಷ್ಟು ಷೇರು ಖರೀದಿ, ಖರೀದಿಯಿಂದ ರೇಟ್ ಏರಿಕೆ, ಏರಿದ ರೇಟಿಗೆ ಇನ್ನಷ್ಟು ಸಾಲ. ಇಳಿಯುವಾಗ ಇದೇ ಚಕ್ರ ಉಲ್ಟಾ ತಿರುಗುತ್ತೆ, ಬ್ಯಾಂಕು ಅಡ ಇಟ್ಟಿದ್ದ ಷೇರನ್ನ ಮಾರೋಕೆ ಹೋಗುತ್ತೆ, ಎಲ್ಲ ಬ್ಯಾಂಕೂ ಒಟ್ಟಿಗೆ ಹೋಗುತ್ತೆ, ಕೊಳ್ಳೋರಿಲ್ಲ, ರೇಟ್ ಇನ್ನೂ ಇಳಿಯುತ್ತೆ. ಬೆಲೆ ಇಳಿಯುತ್ತೆ, ಸಾಲದ ಪತ್ರದಲ್ಲಿ ಬರೆದಿರೋ ನಂಬರ್ ಇಳಿಯಲ್ಲ.

ಬಂದರು_ಭಟ್ಟ:
ನಾನು ಕುಮಟಾದವ, ಈಗ ಇರೋದು ಮುಂಬೈಲಿ, ಆಫೀಸು ಫೋರ್ಟ್‌ನಲ್ಲಿ. ಈ ಕಥೆಯ ಒಳಗೇ ದಿನಾ ಓಡಾಡ್ತೇನೆ ಮಾರಾಯ್ರೆ. ಹಾರ್ನಿಮನ್ ಸರ್ಕಲ್ ಉಂಟಲ್ಲ, ಟೌನ್ ಹಾಲ್ ಎದುರು, ಅಲ್ಲಿನ ಆಲದ ಮರದ ಬುಡದಲ್ಲೇ ದಲಾಲಿಗಳು ಸೇರ್ತಿದ್ದದ್ದು. ಚರ್ಚ್‌ಗೇಟ್ ಕಡೆ ಬಂದ್ರೆ ಯೂನಿವರ್ಸಿಟಿಯ ರಾಜಾಬಾಯಿ ಟವರ್. ಅದು ಪ್ರೇಮಚಂದ್ ರಾಯಚಂದ್ ಅನ್ನುವವರ ತಾಯಿಯ ಹೆಸರು. ಈ ಮನುಷ್ಯನ ಹೆಸರು ಇಲ್ಲದೆ ಥ್ರೆಡ್ ಇಷ್ಟು ದೂರ ಹೇಗೆ ಬಂತು?

ಸೂರತ್‌ನ ಜೈನರು, 1831ರಲ್ಲಿ ಹುಟ್ಟಿದ್ದು, ಇಂಗ್ಲಿಷ್ ಓದಿ ಬರೆಯಲು ಬಲ್ಲ ದಲಾಲಿ, ಆ ಕಾಲಕ್ಕೆ ಅದೇ ದೊಡ್ಡದು. 30ರ ಆಸುಪಾಸಿನಲ್ಲೇ ಇಡೀ ಮುಂಬೈ ಮಾರ್ಕೆಟ್ ಅವರ ಬೆರಳ ತುದಿಯಲ್ಲಿ. ಬ್ಯಾಂಕ್ ಆಫ್ ಬಾಂಬೆಯಲ್ಲಿ ಅವರ ಮಾತಿಗೆ ಎದುರಿಲ್ಲ, ಅವರು ಹೇಳಿದವರಿಗೆ ಸಾಲ. ಆಮೇಲೆ ಸರ್ಕಾರ ವಿಚಾರಣೆಗೆ ಕಮಿಷನ್ ಕೂರಿಸಿದಾಗ ಇದೆಲ್ಲ ಹೊರಗೆ ಬಂತು.

ಬ್ಯಾಕ್ ಬೇ ರಿಕ್ಲಮೇಷನ್ ಅಂತ ಕಂಪನಿ, ಮಲಬಾರ್ ಹಿಲ್‌ನಿಂದ ಕೊಲಾಬಾವರೆಗೆ ಸಮುದ್ರಕ್ಕೆ ಮಣ್ಣು ತುಂಬಿಸುವ ಯೋಜನೆ. ಒಂದು ಷೇರು 5,000 ರೂಪಾಯಿ. ಅದು ಏರಿ ಏರಿ 50,000 ಮುಟ್ಟಿತು. 1860ರ ದಶಕದ 50,000 ಹಾಂ, ಈಗಿನದ್ದಲ್ಲ. ಜಾಗ ಎಲ್ಲಿ ಅಂದ್ರೆ ನೀರಿನ ಅಡಿಗೆ ಉಂಟು. ಹೊಸ ಕಂಪನಿ ಅಂದ್ರೆ ಮೊದಲು ಷೇರು ಹಂಚಿಕೆ, ಹಂಚುವವರು ಪ್ರಮೋಟರ್‌ಗಳು, ಅವರ ಕೃಪೆ ಇದ್ದವನಿಗೆ ಮುಖಬೆಲೆಗೆ ಸಿಕ್ಕಿತು ಅಂದ್ರೆ ಮಾರನೇ ದಿನ ಪ್ರೀಮಿಯಂಗೆ ಮಾರಿದ್ರಾಯ್ತು, ಕಂಪನಿ ಏನು ಮಾಡ್ತದೆ ಅಂತ ಕೇಳುವ ಅಗತ್ಯವೇ ಇಲ್ಲ. ಕಲ್ಕತ್ತಾ ಹತ್ತಿರ ಸುಂದರಬನದ ಕೆಸರಲ್ಲಿ ಪೋರ್ಟ್ ಕ್ಯಾನಿಂಗ್ ಅಂತ ಹೊಸ ಬಂದರು ಕಟ್ತೇವೆ ಅಂದ್ರು, ಅದರ ಷೇರಿಗೂ ಮುಂಬೈಯವರು ಮುಗಿಬಿದ್ರು. ಆ ಬಂದರಿಗೆ ಹಡಗೇ ಬರಲಿಲ್ಲ ಅನ್ನಬೇಕು.

ಸಿಂಪಲ್_ಸೀನ:
ಅಂದ್ರೆ ಐಪಿಒ ಲಿಸ್ಟಿಂಗ್ ಗೇನ್ 😂 ಏನೂ ಬದಲಾಗಿಲ್ಲ ಬಿಡಿ

ಎರಿಹೊಲ:
ಎಲ್ಲಾರೂ ಮುಂಬೈ ಮುಂಬೈ ಅಂತೀರಿ, ಆ ಹತ್ತಿ ಬೆಳದವ್ರು ಯಾರು ಅನ್ನೂದು ಯಾರೂ ಕೇಳವಲ್ರಿ. ನಾವು ಗದಗ ಕಡೆಯವ್ರು, ಎರಿ ಭೂಮಿ, ಹತ್ತಿ ಅಂದ್ರ ನಮಗ ಗೊತ್ತೈತಿ.

1840ರ ದಶಕದಾಗ ಕಂಪನಿ ಸರಕಾರ ಅಮೆರಿಕಾದ ನ್ಯೂ ಆರ್ಲಿಯನ್ಸ್ ಬೀಜ ತಂದು ಧಾರವಾಡ ಜಿಲ್ಲಾದಾಗ ಹಾಕಿಸ್ತು. ಬ್ಯಾರೆ ಕಡೆ ಎಲ್ಲಾ ಫೇಲ್ ಆತು, ಇಲ್ಲೆ ಹತ್ತಿತು. ಅದಕ್ಕ ಪ್ಯಾಟ್ಯಾಗ 'ಧಾರವಾರ್-ಅಮೆರಿಕನ್' ಅಂತ ಹೆಸರು. ಅದನ್ನ ಬಿಡಸಾಕ ಗರಗಸದ ಹಲ್ಲಿನ ಸಾ-ಜಿನ್ ಯಂತ್ರ ಬೇಕು, ಧಾರವಾಡದಾಗ ಸರಕಾರದ ಕಾರಖಾನೀನೂ ಇತ್ತು ಅದಕ್ಕ. ಜವಾರಿ ಹತ್ತಿ ಬ್ಯಾರೆ, ಅದು ಕುಮಟಾ ಬಂದರಿನಿಂದ ಹೋಗತಿತ್ತು, ಅದಕ್ಕ ಲಿವರ್‌ಪೂಲ್‌ನಾಗ 'ಕುಮಟಾ' ಅಂತನ ಹೆಸರು. ಭಟ್ರ ಊರಾಗ ಒಂದು ಹತ್ತಿ ಗಿಡ ಇಲ್ಲ, ಹೆಸರು ಮಾತ್ರ ಅವ್ರದು ನೋಡ್ರಿ 🙂

ರೇಟ್ ಏರಿದಾಗ ಏನಾತಂದ್ರ, ಮೊದಲು ಜ್ವಾಳದ ಹೊಲಕ್ಕ ಹತ್ತಿ ಬಂತು. ಆಮ್ಯಾಲ ಕಲಬೆರಕಿ ಬಂತು. ಜವಾರಿ ಅರಳಿ ಒಳಗ ವಿಲಾಯ್ತಿ ಅರಳಿ ಕೂಡಸೂದು, ಹತ್ತಿಕಾಳು ಹಂಗ ಬಿಡೂದು, ತೂಕ ಬರ್ಲಿ ಅಂತ ಮಣ್ಣು, ನೀರು. ಎಷ್ಟರ ಮಟ್ಟಿಗೆ ಅಂದ್ರ 1863ರಾಗ ಹತ್ತಿ ಕಲಬೆರಕಿ ಮಾಡಿದ್ರ ಶಿಕ್ಷಾ ಅಂತ ಕಾಯ್ದಾನ ಮಾಡಬೇಕಾತು, ಇನ್ಸ್‌ಪೆಕ್ಟರ್ ಇಡಬೇಕಾತು. ಹೆಂಗಾರ ಮಾರಾಟ ಆಗತೈತಿ ಅಂದಮ್ಯಾಲ ಸ್ವಚ್ಛ ಹತ್ತಿ ಯಾಕ ಬಿಡಸ್ತಾನ್ರಿ ಯಾರಾದ್ರೂ. ಬೂಮ್ ಅಂದ್ರ ಮೊದಲು ಕೆಡೂದು ಮಾಲು, ಆಮ್ಯಾಲ ಲೆಕ್ಕ.

ಆದ್ರ ಕಿರ್ದಿಯವ್ರು ಹೇಳಿದ್ದು ನಮ್ಮ ಕಡೆಗೂ ಖರೇನ. ರೇಟ್ ಛಲೋ ಇದ್ದಾಗ ಸಾವಕಾರ ಕರದು ಕರದು ರೊಕ್ಕ ಕೊಟ್ಟ. ರೈತವಾರಿ (ಸರಕಾರ ನೇರ ರೈತನ ಹತ್ರನ ಕಂದಾಯ ತಗೊಳ್ಳೂ ಪದ್ಧತಿ) ಬಂದಮ್ಯಾಲ ಹೊಲ ರೈತನ ಹೆಸರಿಲೆ ಆಗಿತ್ತು, ಅಂದ್ರ ಒತ್ತಿ ಹಾಕಾಕ ಬಂತು. ಎತ್ತು, ಬಾಂವಿ, ಮದುವಿ, ಎಲ್ಲಾ ಆ ರೇಟಿನ ಮ್ಯಾಲೆ ಮಾಡಿದ ಸಾಲ. ಹತ್ತಿ ಇಳೀತು, ಕಾಗದ ಹಂಗ ಇತ್ತು. ಮುಂಬೈದಾಗ ದುಡ್ಡು ಬಿಗಿ ಆತು ಅಂದ್ರ ಆ ಬಿಸಿ ಅಡತಿ ಅಂಗಡಿಗೆ, ಅಲ್ಲಿಂದ ಊರ ಸಾವಕಾರಗ, ಅವ ಹೊಸಾ ಉದ್ರಿ ಬಂದ್ ಮಾಡಿ ಹಳೇದು ಕೇಳಾಕತ್ತ.

ಇದರ ಮ್ಯಾಲ ಸರಕಾರದ ಕಂದಾಯ. 30 ವರ್ಷಕ್ಕೊಮ್ಮೆ ಕಂದಾಯ ಹೊಸದಾಗಿ ಕಟ್ಟೂದು, ಅದರ ಸರತಿ ಬಂದಿದ್ದು ಇದೇ ಹೊತ್ತಿಗೆ. ಪುಣೆ ಜಿಲ್ಲಾದ ಇಂದಾಪುರ ತಾಲೂಕಿನಾಗ 1867ರಾಗ ಅರ್ಧದಷ್ಟಕ್ಕಿಂತ ಹೆಚ್ಚು ಏರಿಸಿದ್ರು. ಯಾವ ರೇಟ್ ನೋಡಿ ಏರಿಸಿದ್ರು? ಬೂಮಿನ ರೇಟ್ ನೋಡಿ. ಕಟ್ಟೂ ಹೊತ್ತಿಗೆ ಆ ರೇಟ್ ಇಲ್ಲ. 1875 ಮೇ 12ಕ್ಕ ಪುಣೆ ಜಿಲ್ಲಾದ ಸುಪಾ ಸಂತ್ಯಾಗ ರೈತರು ಎದ್ರು, ಅಲ್ಲಿಂದ ಅಹಮದನಗರದ ಕಡೆ ಹಬ್ಬಿತು. ಅವ್ರು ಬೇಕಂತ ಹುಡಿಕಿ ಸುಟ್ಟಿದ್ದು ಸಾಲದ ಕಾಗದ. ಕಾಗದ ಕೊಟ್ಟ ಸಾವಕಾರಗ ಬಹಳ ಕಡೆ ಏನೂ ಮಾಡಲಿಲ್ಲ. ಆ ಮಂದಿಗೆ ಅರ್ಥಶಾಸ್ತ್ರ ಯಾರೂ ಕಲಿಸಿರಲಿಲ್ಲ, ಆದ್ರ ಬ್ಯಾನಿ ಎಲ್ಲೈತಿ ಅನ್ನೂದು ಬರೋಬ್ಬರಿ ಗೊತ್ತಿತ್ತು.

ಮಾವಿನಕಾಯಿ_ಚಿತ್ರಾನ್ನ:
ಎರಿಹೊಲ ಅಣ್ಣ, ಈ ಗಲಾಟೆ ಧಾರವಾಡ ಕಡೆಗೂ ಬಂತಾ?

ಎರಿಹೊಲ:
ಇಲ್ರಿ ಅಕ್ಕಾರ, ಅದು ಪುಣೆ, ಅಹಮದನಗರದ ಕಡೆದು. 1879ರಾಗ ರೈತರ ಸಾಲದ ಪರಿಹಾರಕ್ಕ ಕಾಯ್ದಾ ಬಂತು, ಅದೂ ಮೊದಲಿಗೆ ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಅಷ್ಟಕ್ಕ. ನಮ್ಮ ಕಡೆ ಬಂದಿದ್ದು 1876-78ರ ಬರ. ಅದು ಮಳಿ ಹೋಗಿದ್ದಕ್ಕ ಬಂದಿದ್ದು ಖರೆ, ಸಾಲದಿಂದ ಬಂತು ಅಂತ ನಾ ಹೇಳೂದಿಲ್ಲ. ಆದ್ರ ಕಣಜ ಖಾಲಿ, ಹೊಲ ಒತ್ತಿ, ಸಾವಕಾರ ಉದ್ರಿ ಕೊಡವಲ್ಲ, ಇಂಥಾ ಮನಿಗೆ ಬರ ಬಂದ್ರ ತಡಕೊಳ್ಳೂ ಶಕ್ತಿ ಎಲ್ಲಿಂದ ಬರಬೇಕು. ಧಾರವಾಡ, ಕಲಾದಗಿ, ಬಳ್ಳಾರಿ ಮಂದಿ ಹೆಂಗ ಸತ್ತ್ರು ಅನ್ನೂದು ಬರೀಲಿಕ್ಕೆ ಕೂತ್ರ ಈ ಥ್ರೆಡ್ ಸಾಲೂದಿಲ್ಲ.

ಕಾಲೇಜ್_ಮೇಷ್ಟ್ರು:
ಒಳ್ಳೆ ಚರ್ಚೆ. ಆದರೆ ಒಂದು ತಕರಾರು. 1865ನ್ನ 1929ರ ಪಕ್ಕ ಇಟ್ಟು 'ಡಿಪ್ರೆಷನ್' (ಮಹಾಕುಸಿತ) ಅನ್ನೋ ಹಾಗೆ ನೋಡೋದು ಸ್ವಲ್ಪ ಜಾಸ್ತಿ ಆಯ್ತು. ಮುಂಬೈಗೆ ಪೆಟ್ಟು ಬಿತ್ತು, ಒಪ್ತೀನಿ. ಆದರೆ ಇಡೀ ದೇಶದ ಬೆಲೆಮಟ್ಟ ಕುಸೀಲಿಲ್ಲ, ರೈಲ್ವೆ ಕೆಲಸ ನಡೀತಾನೇ ಇತ್ತು, ಬ್ಯಾಂಕ್ ಆಫ್ ಬೆಂಗಾಲ್, ಬ್ಯಾಂಕ್ ಆಫ್ ಮದ್ರಾಸ್ ನಿಂತ್ಕೊಂಡ್ವು. ಬೂಮ್ ಒಡೆದು ಕ್ರೈಸಿಸ್ ಆಗೋದು ಒಂದು, ಆ ಕ್ರೈಸಿಸ್ ಮಹಾಕುಸಿತ ಆಗೋದು ಇನ್ನೊಂದು. ಎರಡನೇದಕ್ಕೆ 1929ಕ್ಕೇ ಹೋಗ್ಬೇಕು, ಬೇರೆ ದಾರಿ ಇಲ್ಲ.

ಅಲ್ಲೂ ಶುರು ಇದೇ ತರ. 10 ಡಾಲರ್ ಕೈಯಿಂದ ಹಾಕಿ ಉಳಿದ 90 ಸಾಲ ಮಾಡಿ ಷೇರು ತಗೊಳ್ಳೋರಿದ್ರು, ಬ್ರೋಕರ್‌ಗಳ ಸಾಲ ಒಟ್ಟು 850 ಕೋಟಿ ಡಾಲರ್ ದಾಟಿತ್ತು 1929 ಅಕ್ಟೋಬರ್ ಹೊತ್ತಿಗೆ. ಸೆಪ್ಟೆಂಬರ್ 3ಕ್ಕೆ ನ್ಯೂಯಾರ್ಕ್ ಷೇರು ಮಾರ್ಕೆಟಿನ ಡೌ ಸೂಚ್ಯಂಕ 381. ಆದರೆ ಜನ ಮರೆಯೋ ವಿಷಯ ಇದು: ಅಕ್ಟೋಬರ್ ಕ್ರ್ಯಾಶ್ ಆದ ಮೇಲೆ ಮಾರ್ಕೆಟ್ ಚೇತರಿಸಿಕೊಂಡಿತ್ತು, 1930 ಏಪ್ರಿಲ್‌ಗೆ ಮತ್ತೆ 294ಕ್ಕೆ ಬಂದಿತ್ತು. ಮುಗೀತು ಗಂಡಾಂತರ ಅಂದ್ಕೊಂಡವರು ಬಹಳ. ನಿಜವಾದ ಹೊಡೆತ ಆಮೇಲೆ, ಬ್ಯಾಂಕುಗಳು ಬೀಳೋಕೆ ಶುರುವಾದಾಗ. 1930 ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಬ್ಯಾಂಕ್ ಆಫ್ ಯುನೈಟೆಡ್ ಸ್ಟೇಟ್ಸ್ ಮುಚ್ಚಿತು (ಹೆಸರು ಹಾಗಿದ್ರೂ ಅದು ಖಾಸಗಿ ಬ್ಯಾಂಕು, ಹೊರದೇಶದವರು ಕೆಲವರು ಸರ್ಕಾರದ್ದೇ ಅಂದ್ಕೊಂಡು ಗಾಬರಿಯಾದ್ರಂತೆ). 1933ರವರೆಗೆ ಸುಮಾರು 9,000 ಬ್ಯಾಂಕು ಹೋದವು. ಆಗ ಠೇವಣಿಗೆ ವಿಮೆ ಇಲ್ಲ. ಬ್ಯಾಂಕ್ ಮುಚ್ಚಿತು ಅಂದ್ರೆ ಆ ದುಡ್ಡು ಚಲಾವಣೆಯಿಂದಲೇ ಮಾಯ. ಅಮೆರಿಕದಲ್ಲಿ ಓಡಾಡ್ತಿದ್ದ ಒಟ್ಟು ಹಣದಲ್ಲಿ ಮೂರರಲ್ಲಿ ಒಂದು ಪಾಲು ಹೀಗೆ ಆವಿಯಾಯ್ತು. ಹಣ ಕಮ್ಮಿಯಾದಾಗ ಬೆಲೆ ಇಳಿಯುತ್ತೆ, ಬೆಲೆ ಇಳಿದಾಗ ಕಾರ್ಖಾನೆಯವನು ಕೂಲಿ ಇಳಿಸ್ತಾನೆ ಇಲ್ಲ ಆಳು ಬಿಡ್ತಾನೆ, ಸಾಲ ಮಾತ್ರ ಹಳೇ ಡಾಲರ್‌ನಲ್ಲೇ ತೀರಿಸಬೇಕು. 1932 ಜುಲೈ 8ಕ್ಕೆ ಡೌ 41. ನಾಲ್ಕು ಜನರಲ್ಲಿ ಒಬ್ಬನಿಗೆ ಕೆಲಸ ಇಲ್ಲ.

ಅರ್ವಿಂಗ್ ಫಿಶರ್ ಅಂತ ಯೇಲ್ ಯೂನಿವರ್ಸಿಟಿಯ ಅರ್ಥಶಾಸ್ತ್ರಜ್ಞ, ಕ್ರ್ಯಾಶ್‌ಗೆ ಕೆಲವೇ ದಿನ ಮುಂಚೆ ಷೇರು ಬೆಲೆ ಇನ್ನು ಈ ಎತ್ತರದಲ್ಲೇ ನಿಲ್ಲುತ್ತೆ ಅಂದವನು, ಅವನ ಸ್ವಂತ ಆಸ್ತಿನೂ ಹೋಯ್ತು. 1933ರಲ್ಲಿ ಅವನೇ ಸಾಲ ಮತ್ತು ಬೆಲೆ ಕುಸಿತದ ಈ ಚಕ್ರವನ್ನ ವಿವರಿಸಿದ. ಎಲ್ರೂ ಸಾಲ ತೀರಿಸೋಕೆ ಅಂತ ಒಟ್ಟಿಗೆ ಮಾರೋಕೆ ನಿಂತ್ರೆ ಬೆಲೆ ಇನ್ನೂ ಇಳಿದು, ತೀರಿಸಿದಷ್ಟೂ ಉಳಿದ ಸಾಲ ಭಾರ ಆಗುತ್ತೆ ಅನ್ನೋದು. ಖಾತೆ_ಕಿರ್ದಿ ಮೇಲೆ ಬರೆದಿರೋದು ಹೆಚ್ಚುಕಮ್ಮಿ ಅದೇ.

ಖಾತೆ_ಕಿರ್ದಿ:
ಮೇಷ್ಟ್ರೇ, ದೇಶಪೂರ್ತಿ ಡಿಪ್ರೆಷನ್ ಅಲ್ಲ ಅಂದ್ರಿ, ಸರಿ. ಊರ ಮಟ್ಟಿಗೆ ನೋಡಿ. 1864ರ ಜನಗಣತಿಲಿ ಮುಂಬೈ ಜನಸಂಖ್ಯೆ 8,16,562. 1872ರಲ್ಲಿ 6,44,405. ಐದರಲ್ಲಿ ಒಬ್ಬ ಊರು ಬಿಟ್ಟಿದ್ದಾನೆ. ಕೂಲಿಗೆ ಅಂತ ಕೊಂಕಣದಿಂದ, ಘಟ್ಟದ ಮೇಲಿನ 'ದೇಶ' ಸೀಮೆಯಿಂದ ಬಂದವರು ಗಂಟುಮೂಟೆ ಕಟ್ಟಿದ್ರು. ಮತ್ತೆ ಪೆಟ್ಟು ಒಂದೇ ಸಲ ಬೀಳ್ಲಿಲ್ಲ, ನಿಮ್ಮ 1930ರ ಹಾಗೇ ಎರಡನೇ ಅಲೆ ಬಂತು. 1866 ಮೇ 10ಕ್ಕೆ ಲಂಡನ್‌ನ ದೊಡ್ಡ ಫೈನಾನ್ಸ್ ಸಂಸ್ಥೆ ಓವರೆಂಡ್ ಗರ್ನಿ ಬಿತ್ತು, ಜೂನ್‌ನಲ್ಲಿ ಇಂಡಿಯಾದಲ್ಲಿ ದೊಡ್ಡ ವ್ಯವಹಾರ ಇದ್ದ ಆಗ್ರಾ ಆಂಡ್ ಮಾಸ್ಟರ್‌ಮನ್ಸ್ ಬ್ಯಾಂಕ್ ಬಾಗಿಲು ಹಾಕ್ತು. 1865ರಲ್ಲಿ ಹೇಗೋ ಏಗಿದ್ದ ಪ್ರೇಮಚಂದ್ ಕೈ ಎತ್ತಿದ್ದೂ 1866ರಲ್ಲೇ.

ಸಿಂಪಲ್_ಸೀನ:
ಸರಿ ಒಪ್ಕೊಂಡೆ ಸಾಲನೇ ವಿಲನ್. ಹಂಗಾದ್ರೆ ಸರ್ಕಾರ ಏನ್ ಮಾಡ್ಬೇಕಿತ್ತು? ಬ್ಯಾಂಕ್ ಉಳಿಸಿದ್ರೆ ಜೂಜಾಡಿದವರಿಗೆ ಬಹುಮಾನ ಕೊಟ್ಟಂಗೆ. ಬಿಟ್ರೆ ಊರು ಮುಳುಗುತ್ತೆ. ಎರಡ್ರಲ್ಲಿ ಯಾವ್ದು ಹೇಳಿ

ಕಾಲೇಜ್_ಮೇಷ್ಟ್ರು:
ಇದು ಒಳ್ಳೆ ಪ್ರಶ್ನೆ ಸೀನ, ತಮಾಷೆ ಮಾಡ್ತಾನೇ ಸರಿಯಾದ ಕಡೆ ಕೈ ಇಟ್ಟಿದ್ದೀಯ. ನನ್ನ ಅಭಿಪ್ರಾಯ: ಷೇರುದಾರನನ್ನ ಬಿಡು, ಠೇವಣಿ ಇಟ್ಟವನನ್ನ ಉಳಿಸು. ಅಮೆರಿಕ ಕಲಿತಿದ್ದು ಅದನ್ನೇ, 1933ರಲ್ಲಿ ಠೇವಣಿ ವಿಮೆ ಕಾನೂನು ಬಂತು. ಅದಕ್ಕೆ ಮುಂಚೆ ಅವರ ಫೆಡರಲ್ ರಿಸರ್ವ್ ಏನು ಮಾಡ್ತು ಗೊತ್ತಾ, 1931 ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಚಿನ್ನದ ಮಾನಕ (ನಾಣ್ಯದ ಬೆಲೆಯನ್ನ ಚಿನ್ನಕ್ಕೆ ಕಟ್ಟಿಡೋ ಪದ್ಧತಿ) ಬಿಟ್ಟಾಗ, ಅಮೆರಿಕದ ಚಿನ್ನ ಹೊರಗೆ ಹೋಗಬಾರದು ಅಂತ ಅಕ್ಟೋಬರ್‌ನಲ್ಲಿ ಬಡ್ಡಿ ದರವನ್ನ ಒಂದೂವರೆಯಿಂದ ಮೂರೂವರೆ ಪರ್ಸೆಂಟ್‌ಗೆ ಏರಿಸ್ತು. ಜನ ದುಡ್ಡಿಲ್ಲದೆ ಒದ್ದಾಡ್ತಿರೋವಾಗ!

ಎರಿಹೊಲ ಅವರ ಮಾತಿಗೆ ಸೇರೋದು ಒಂದಿದೆ. ಆ ಕುಸಿತ ಭಾರತಕ್ಕೆ ಬಂದಿದ್ದು ಷೇರಿನ ಮೂಲಕ ಅಲ್ಲ, ಬೆಳೆ ಬೆಲೆ ಮೂಲಕ. 1929ರಿಂದ ಎರಡು ಮೂರು ವರ್ಷದಲ್ಲಿ ಕೃಷಿ ಬೆಲೆಗಳು ಹತ್ತಿರ ಹತ್ತಿರ ಅರ್ಧಕ್ಕೆ ಬಂದ್ವು. ರೂಪಾಯಿ ದರವನ್ನ ಬ್ರಿಟಿಷರು 1 ಷಿಲ್ಲಿಂಗ್ 6 ಪೆನ್ಸ್‌ಗೆ ಹಿಡಿದಿಟ್ರು, ಇಳಿಸಿದ್ರೆ ಲಂಡನ್‌ಗೆ ಕಟ್ಟೋ ಬಾಬ್ತು ದುಬಾರಿ ಆಗುತ್ತೆ ಅಂತ. ಕಂದಾಯ ಇಳೀಲಿಲ್ಲ, ಬಡ್ಡಿ ಇಳೀಲಿಲ್ಲ. ರೈತರ ಮನೇಲಿ ಉಳಿದಿದ್ದು ಹೆಂಗಸರ ಮೈಮೇಲಿನ ಚಿನ್ನ. 1931ರ ಕೊನೆಯಿಂದ ಅದು ಅಕ್ಕಸಾಲಿ ಅಂಗಡಿ ದಾಟಿ ಮುಂಬೈ ಬಂದರಿಗೆ, ಅಲ್ಲಿಂದ ಲಂಡನ್‌ಗೆ ಹಡಗು ಹಡಗು ಹೋಯ್ತು.

ಎರಿಹೊಲ:
ಹೌದ್ರಿ ಸರ್. ನಮ್ಮ ಮುತ್ತಜ್ಜಿ ಕಾಲದ ಮಾತು, ಬೋರಮಾಳ ಮಾರಿ ಕಂದಾಯ ಕಟ್ಟಿದ್ರು ಅಂತ ಮನ್ಯಾಗ ಈಗೂ ಹೇಳತಾರ. ಯಾಕ ಮಾರಿದ್ರು ಅಂದ್ರ ಯಾರಿಗೂ ಗೊತ್ತಿಲ್ಲ, 'ಆಗ ಕಾಲ ಕೆಟ್ಟಿತ್ತು' ಅಂತಾರ ಅಷ್ಟ.

ಮಾವಿನಕಾಯಿ_ಚಿತ್ರಾನ್ನ:
ಎಲ್ಲಾ ಸರಿ, ಯಾರೂ ಉಳೀಲೇ ಇಲ್ವಾ 1865ರಲ್ಲಿ? ಲಾಭ ಮಾಡ್ಕೊಂಡೋರು?

ಬಂದರು_ಭಟ್ಟ:
ಉಳಿದವರು ಉಂಟು ಅಕ್ಕ. ಟೈಮಿಗೆ ಸರಿಯಾಗಿ ಹೊರಬಿದ್ದವರು ಹೇಗೂ ಇರ್ತಾರೆ. ಮುಳುಗಿ ಎದ್ದವರ ಕಥೆ ಹೆಚ್ಚು ಮಜಾ. ನಸರ್‌ವಾನ್‌ಜಿ ಟಾಟಾ ಇದರಲ್ಲಿ ಭಾರೀ ಕಳಕೊಂಡ್ರು. ಮಗ ಜಮ್‌ಶೆಡ್‌ಜಿ ಆಗ ಲಂಡನ್‌ನಲ್ಲಿ, 20 ದಾಟಿದ ಹುಡುಗ, ಅಲ್ಲಿ ಒಂದು ಬ್ಯಾಂಕ್ ಶುರು ಮಾಡುವ ಅಂತ ಹೋದವ. ಕೈಯಲ್ಲಿದ್ದ ಮುಂಬೈ ಕಾಗದಗಳಿಗೆ ಬೆಲೆ ಇಲ್ಲ ಅಂತಾಯ್ತು. ಓಡಿ ಹೋಗ್ಲಿಲ್ಲ, ಸಾಲ ಕೊಟ್ಟವರ ಎದುರು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ, ಅವರು ಅವನನ್ನೇ ಲೆಕ್ಕ ತೀರಿಸುವ ಲಿಕ್ವಿಡೇಟರ್ ಮಾಡಿದ್ರು. ಮುಂದೆ ಅಬಿಸೀನಿಯಾ (ಈಗಿನ ಇಥಿಯೋಪಿಯಾ) ದಂಡಯಾತ್ರೆಗೆ ಸೈನ್ಯಕ್ಕೆ ಸಾಮಾನು ಪೂರೈಸುವ ಕಂತ್ರಾಟು ಸಿಕ್ಕಿ ಮನೆ ಸುಧಾರಿಸಿತು. ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟ್ ಅಂತೀರಲ್ಲ, ಅದರ ಹಿಂದಿನ ಮನುಷ್ಯ ಇವನೇ.

ಪ್ರೇಮಚಂದ್ ಕೂಡ ಪೂರ್ತಿ ಹೋಗ್ಲಿಲ್ಲ, ಸಣ್ಣದಾಗಿ ಮತ್ತೆ ವ್ಯಾಪಾರ ಮಾಡಿಕೊಂಡು 1906ರವರೆಗೆ ಬದುಕಿದ್ರು. ಅವರು ಬೂಮಿನಲ್ಲಿ ಯೂನಿವರ್ಸಿಟಿಗೆ ಕೊಟ್ಟದ್ದು ಲೈಬ್ರರಿಗೆ 2 ಲಕ್ಷ, ಗಡಿಯಾರದ ಗೋಪುರಕ್ಕೆ 2 ಲಕ್ಷ. ಗೋಪುರ ಮುಗಿದದ್ದು 1878ರಲ್ಲಿ, ಕೊಟ್ಟವರು ದಿವಾಳಿ ಆಗಿ 12 ವರ್ಷದ ಮೇಲೆ! ದಲಾಲಿಗಳೂ ಬುದ್ಧಿ ಕಲಿತು 1875ರಲ್ಲಿ ಒಂದು ಸಂಘ ಕಟ್ಟಿದ್ರು, ಅದೇ ಈಗಿನ ಬಿಎಸ್‌ಇ, ಬಾಂಬೆ ಸ್ಟಾಕ್ ಎಕ್ಸ್‌ಚೇಂಜ್. ಹತ್ತಿ ಅಗ್ಗ ಆದದ್ದರಿಂದ 1870ರ ನಂತರ ಮಿಲ್‌ಗಳು ಸಾಲಾಗಿ ಎದ್ದವು. ಬ್ಯಾಂಕ್ ಆಫ್ ಬಾಂಬೆಯನ್ನೂ 1868ರಲ್ಲೇ ಹೊಸದಾಗಿ ಕಟ್ಟಿದ್ರು, ಅದು 1921ರಲ್ಲಿ ಇಂಪೀರಿಯಲ್ ಬ್ಯಾಂಕ್ ಸೇರಿ, ಅದೇ 1955ರಲ್ಲಿ ಸ್ಟೇಟ್ ಬ್ಯಾಂಕ್ ಆಯ್ತು.

ಸಿಂಪಲ್_ಸೀನ:
ಆ ಬ್ಯಾಕ್ ಬೇ ಸಮುದ್ರ ಏನಾಯ್ತು ಕೊನೆಗೆ? 50 ಸಾವಿರದ ಷೇರು?

ಬಂದರು_ಭಟ್ಟ:
ಕಂಪನಿ ಮುಳುಗಿತು, ತುಂಬಿಸಿದ ಚೂರುಪಾರು ಜಾಗ ಸರ್ಕಾರಕ್ಕೆ, ರೈಲ್ವೆಗೆ ಹೋಯ್ತು. ಇನ್ನೂ ಕೇಳಿ. ಮೊದಲ ಮಹಾಯುದ್ಧ ಮುಗಿದಾಗ ಮುಂಬೈಗೆ ಮತ್ತೊಂದು ಬೂಮ್ ಬಂತು, ಆಗ ಗವರ್ನರ್ ಜಾರ್ಜ್ ಲಾಯ್ಡ್ ಪುನಃ ಅದೇ ಬ್ಯಾಕ್ ಬೇಗೆ ಕೈ ಹಾಕಿದ್ರು, ಈ ಸಲ ಸರ್ಕಾರದ ದುಡ್ಡಲ್ಲಿ. ಬೂಮ್ ಹೋಯ್ತು, ಖರ್ಚು ಉಳಿಯಿತು, ಹೂಳು ತೆಗೆದು ಹಾಕಿದ್ದು ನಿಲ್ಲಲಿಲ್ಲ, ಊರವರು 'ಲಾಯ್ಡನ ಹುಚ್ಚು' ಅಂತ ಆಡಿಕೊಂಡ್ರು. ಅದರ ಅವ್ಯವಹಾರದ ವಿರುದ್ಧ ಗುದ್ದಾಡಿದ ವಕೀಲರು ಕೆ.ಎಫ್. ನರಿಮನ್. ನರಿಮನ್ ಪಾಯಿಂಟ್ ಇರುವುದು ಅವರ ಹೆಸರಲ್ಲೇ, ಆ ಜಾಗವೂ ಸಮುದ್ರ ತುಂಬಿಸಿದ್ದೇ, ಈಗ ಅಲ್ಲಿ ಚದರಡಿ ರೇಟ್ ಕೇಳಿದ್ರೆ ತಲೆ ತಿರುಗ್ತದೆ.

ನಮ್ಮ ಜಿಲ್ಲೆಯದ್ದೂ ಒಂದು ಹೇಳಿಬಿಡ್ತೇನೆ. ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದು 1862ರಲ್ಲಿ, ಧಾರವಾಡದ ಹತ್ತಿಗೆ ಕಾರವಾರ ಬಂದರು ಮಾಡುವ ಅಂತ. ಘಟ್ಟದ ರಸ್ತೆ ಆಯ್ತು, ಬಂದರಿನ ಪ್ಲ್ಯಾನ್ ಆಯ್ತು, ಅಷ್ಟರಲ್ಲಿ ಬೂಮ್ ಮುಗಿಯಿತು. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದಾಗ ಅದು ಸಮುದ್ರಕ್ಕೆ ಇಳಿದದ್ದು ಗೋವಾದ ಮರ್ಮಗೋವಾದಲ್ಲಿ. ಹುಬ್ಬಳ್ಳಿಯಿಂದ ನಮ್ಮ ಕರಾವಳಿಗೆ ನೇರ ಇಳಿಯುವ ರೈಲು ಇನ್ನೂ ಇಲ್ಲ.

ಸಿಂಪಲ್_ಸೀನ:
ಹುಬ್ಬಳ್ಳಿ-ಅಂಕೋಲಾ ಲೈನ್ ಬರುತ್ತೆ ಅಂತ ನಾನು ಸ್ಕೂಲಲ್ಲಿದ್ದಾಗಿಂದ ಕೇಳ್ತಿದ್ದೀನಿ

ಎರಿಹೊಲ:
ಆ ರೈಲಿಗೆ ಬ್ಯಾರೆ ಥ್ರೆಡ್ ತಗೀರಿ ಸೀನಣ್ಣ, ಇಲ್ಲೆ ಬ್ಯಾಡ, ಭಟ್ರು ಶುರು ಮಾಡಿದ್ರ ಮುಗಸೂದಿಲ್ಲ. ಮೇಷ್ಟ್ರ, 1931ರ ಬೆಳಿ ಬೆಲಿ ನಮ್ಮ ಕಡೆ ಹತ್ತಿಗೆ ಎಷ್ಟು ಬಿತ್ತು ಅನ್ನೂದು ಗೊತ್ತಿದ್ರ ಬರೀರಿ, ಹುಬ್ಬಳ್ಳಿ ಪ್ಯಾಟಿದು ಇದ್ರ ಇನ್ನೂ ಛಲೋ.